ಗಿರಣಿ ಕೆಲಸಗಾರರಿಗೆ ಕಟ್ಟಿದ, ಅರ್ಧಕ್ಕೇ ನಿಂತ ಚರ್ಚು: ಬಾರ್ಸಿಲೋನಾ ಪಕ್ಕದ ಕೊಲೋನಿಯಾ ಗ್ವೆಲ್ ನೋಡಿ ಬಂದೆ

ಬೆಣ್ಣೆದೋಸೆ ಪ್ರವಾಸಿ:

ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಬಾರ್ಸಿಲೋನಾಗೆ ಹೋಗಿದ್ದೆ. ನಾನು ಇರುವುದು ಜರ್ಮನಿಯಲ್ಲಿ, ಊರು ದಾವಣಗೆರೆ. ಅಪ್ಪ ಮಂಡಿನೋವು ಅಂತ ಬರಲಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ, ಮುಂದೆ ಗೊತ್ತಾಗುತ್ತೆ.

ಸಗ್ರಾದಾ ಫ್ಯಾಮಿಲಿಯಾ ಅನ್ನುವ ಅಲ್ಲಿನ ದೊಡ್ಡ ಚರ್ಚನ್ನು ಎಲ್ಲರೂ ನೋಡುತ್ತಾರೆ, ನಾವೂ ನೋಡಿದೆವು. ತಲೆ ಎತ್ತಿ ಎತ್ತಿ ಕತ್ತು ನೋವು ಬಂತು. ಅದರ ಬಗ್ಗೆ ಇಲ್ಲಿ ಬೇರೆ ಎಳೆಗಳಿವೆ. ನಾನು ಹೇಳಬೇಕೆಂದಿರುವುದು ಮೂರನೇ ದಿನ ನೋಡಿದ ಜಾಗದ ಬಗ್ಗೆ. ಪ್ಲಾಸಾ ಎಸ್ಪಾನ್ಯಾದಿಂದ ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆಯೂ ಆಗುವುದಿಲ್ಲ, ಕೊಲೋನಿಯಾ ಗ್ವೆಲ್ ಅನ್ನುವ ಸಣ್ಣ ಸ್ಟೇಷನ್ ಬರುತ್ತೆ. ಇಳಿದರೆ ನೆಲದ ಮೇಲೆ ನೀಲಿ ಹೆಜ್ಜೆ ಗುರುತು ಬಳಿದಿದ್ದಾರೆ. ಅದನ್ನೇ ಹಿಡಿದು ಹೋಗಬೇಕು. ಅಮ್ಮನಿಗೆ ಕೃಷ್ಣಾಷ್ಟಮಿ ನೆನಪಾಯಿತು, ಬಾಗಿಲಿಂದ ದೇವರ ಮನೆವರೆಗೆ ಹಿಟ್ಟಿನ ಹೆಜ್ಜೆ ಇಡುತ್ತೇವಲ್ಲ, ಹಾಗೆ.

ಇದು ಬಟ್ಟೆ ಗಿರಣಿಯ ಊರು. ಎವುಸೇಬಿ ಗ್ವೆಲ್ ಅನ್ನುವ ದೊಡ್ಡ ಸಾಹುಕಾರ 1890ರಲ್ಲಿ ಬಾರ್ಸಿಲೋನಾದ ಸಾನ್ಸ್ ಬಡಾವಣೆಯಲ್ಲಿದ್ದ ಗಿರಣಿಯನ್ನು ಇಲ್ಲಿನ ತನ್ನ ಜಮೀನಿಗೆ ಸಾಗಿಸಿದ. ಕಾರ್ಡ್ರಾಯ್, ವೆಲ್ವೆಟ್ ನೇಯುತ್ತಿದ್ದರು. ಗಿರಣಿಯ ಸುತ್ತ ಕೆಲಸಗಾರರ ಮನೆ, ಶಾಲೆ, ಸಹಕಾರಿ ಅಂಗಡಿ, ನಾಟಕದ ಹಾಲು. ಚರ್ಚು ಬೇಕಿತ್ತು. 1898ರಲ್ಲಿ ಸಗ್ರಾದಾ ಫ್ಯಾಮಿಲಿಯಾದ ವಾಸ್ತುಶಿಲ್ಪಿ ಆಂತೋನಿ ಗೌಡಿಗೆ ಹೇಳಿದ. (ಅಮ್ಮ ಕೊನೆತನಕ "ಗೌಡರ ಚರ್ಚು" ಅಂತಲೇ ಕರೆದರು. ನಾನು ತಿದ್ದಲಿಲ್ಲ.)

ಗೌಡಿ ಹತ್ತು ವರ್ಷ ಬರೀ ಯೋಚನೆ ಮಾಡಿದ! ಕೆಲಸ ಶುರುವಾಗಿದ್ದು 1908ರಲ್ಲಿ. ಕೆಳಗೊಂದು ಮೇಲೊಂದು ಎರಡು ಅಂತಸ್ತಿನ ಪ್ರಾರ್ಥನಾ ಮಂದಿರ, ಸುತ್ತ ಗೋಪುರ, ನಡುವೆ 40 ಮೀಟರ್ ಎತ್ತರದ ಗುಮ್ಮಟ ಅಂತ ಲೆಕ್ಕ. 1914ರಲ್ಲಿ ಗ್ವೆಲ್ ಮನೆತನ ದುಡ್ಡು ಕೊಡುವುದನ್ನು ನಿಲ್ಲಿಸಿತು. ಆಗ ಮುಗಿದಿದ್ದು ಕೆಳಗಿನ ಭಾಗ ಮಾತ್ರ. 1915ರ ನವೆಂಬರಿನಲ್ಲಿ ಅದಕ್ಕೇ ಬಿಷಪ್ ಬಂದು ಪೂಜೆ ಮಾಡಿಸಿದರು. ಮೇಲಿನದು ಇವತ್ತಿಗೂ ಇಲ್ಲ. ನಾವು ನೋಡುವುದು ನೆಲಮಾಳಿಗೆ ಅಷ್ಟೇ, ಅದರ ತಾರಸಿ ಮೇಲೆ ಆಕಾಶ.

ಹೊರಗಿನಿಂದ ಚರ್ಚು ಅನ್ನಿಸುವುದೇ ಇಲ್ಲ. ಪೈನ್ ಮರಗಳ ನಡುವೆ ಕಂದು ಬಣ್ಣದ ಹುತ್ತ ಎದ್ದ ಹಾಗಿದೆ. ಕಂಬಗಳೆಲ್ಲ ವಾಲಿಕೊಂಡಿವೆ. ಇಟ್ಟಿಗೆ, ಗೂಡಿನಲ್ಲಿ ಸುಟ್ಟು ಕರಕಲಾದ ಇಟ್ಟಿಗೆ, ಕುಲುಮೆಯಲ್ಲಿ ಉಳಿದ ಕಬ್ಬಿಣದ ಕಿಟ್ಟ, ಕಾಡುಗಲ್ಲು, ಸಿಕ್ಕಿದ್ದೆಲ್ಲ ಗೋಡೆಗೆ ಹೋಗಿದೆ. ಒಂದು ಪೈನ್ ಮರ ಅಡ್ಡ ಬಂತು ಅಂತ ಮರ ಕಡಿಯದೆ ಮೆಟ್ಟಿಲನ್ನೇ ತಿರುಗಿಸಿದ್ದಾನೆ.

ನಾನು ನಿಂತುಬಿಟ್ಟಿದ್ದು ಕಿಟಕಿ ಹತ್ತಿರ. ಬಣ್ಣದ ಗಾಜಿನ ಕಿಟಕಿ, ಹೂವಿನ ಹಾಗೆ, ಚಿಟ್ಟೆ ರೆಕ್ಕೆಯ ಹಾಗೆ ಬಿಚ್ಚಿಕೊಳ್ಳುತ್ತೆ. ಹೊರಗಡೆ ಕಬ್ಬಿಣದ ಜಾಲರಿ. ಆ ಜಾಲರಿ ಮಾಡಿರುವುದು ಗಿರಣಿಯ ಯಂತ್ರಗಳಲ್ಲಿ ಸವೆದು ಬಿಸಾಕಿದ ಸೂಜಿಗಳಿಂದ. ಅಪ್ಪ ಇಪ್ಪತ್ತಾರು ವರ್ಷ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಸಂಜೆ ಮನೆಗೆ ಬಂದಾಗ ಜೇಬಲ್ಲಿ ಮುರಿದ ಸೂಜಿ, ಸ್ಪ್ರಿಂಗು, ವಾಷರು ಇರುತ್ತಿದ್ದವು. ನಮ್ಮ ಬಚ್ಚಲ ಮನೆ ಚಿಲಕ ಕೂಡ ಗಿರಣಿಯ ತುಂಡೇ. ಕಿಟಕಿ ಫೋಟೋ ತೆಗೆದು ಅಲ್ಲಿಂದಲೇ ಕಳಿಸಿದೆ.

ಯಾರಾದರೂ ಹೋಗಿದ್ದೀರಾ?

ಟಿಕೆಟ್ ಎಷ್ಟಣ್ಣ:

ಡಿಸೆಂಬರಿನಲ್ಲಿ ಹೋಗ್ತಾ ಇದೀವಿ, ನಾಲ್ಕೇ ದಿನ. ಸಗ್ರಾದಾ ಫ್ಯಾಮಿಲಿಯಾ ನೋಡಿದ ಮೇಲೆ ಇದನ್ನೂ ನೋಡಬೇಕಾ? ಜೊತೆಗೆ ಮಾವ ಬರ್ತಾರೆ, ಶುದ್ಧ ಸಸ್ಯಾಹಾರಿ.

ಬೆಣ್ಣೆದೋಸೆ ಪ್ರವಾಸಿ:

ನೋಡಲೇಬೇಕು ಅಂತ ನಾನು ಹೇಳ್ತೀನಿ. ಅಲ್ಲಿ ಜನಜಾತ್ರೆ, ಇಲ್ಲಿ ನಾವು ಹೋದಾಗ ಒಳಗೆ ಹತ್ತು ಜನ ಇರಲಿಲ್ಲ. ಬೆಂಚಿನ ಮೇಲೆ ಸುಮ್ನೆ ಕೂತ್ಕೋಬಹುದು. ಆ ಬೆಂಚೂ ಗೌಡಿಯೇ ಮಾಡಿಸಿದ್ದು, ಮರ ಮತ್ತು ಕಬ್ಬಿಣ. ಅರ್ಧ ದಿನ ಸಾಕು. ಈಗಲೂ ಅದು ಊರಿನ ಚರ್ಚೇ. ಭಾನುವಾರ ಪೂಜೆ ಇರುತ್ತೆ, ಆ ಹೊತ್ತಿಗೆ ಪ್ರವಾಸಿಗಳನ್ನು ಬಿಡುವುದಿಲ್ಲ. ಸಮಯ ನೋಡಿಕೊಂಡು ಹೊರಡಿ.

ಮಾವನಿಗೆ: ಟೊಮೆಟೊ ತಿಕ್ಕಿ ಎಣ್ಣೆ ಹಾಕಿದ ಬ್ರೆಡ್ಡು ಎಲ್ಲ ಕಡೆ ಸಿಗುತ್ತೆ. ಕತಲಾನ್ ಜನರಿಗೆ ಅದು ನಮ್ಮ ಮಂಡಕ್ಕಿ ಇದ್ದ ಹಾಗೆ. ಅಮ್ಮ ಮೂರು ದಿನ ಅದರಲ್ಲೇ ಕಳೆದರು, ಜೊತೆಗೆ ಮನೆಯಿಂದ ತಂದ ಶೇಂಗಾ ಚಟ್ನಿಪುಡಿ.

ಕಂಬ ಸೇತುವೆ:

ಸಿವಿಲ್ ಎಂಜಿನಿಯರ್ ಆಗಿ ಈ ಕಟ್ಟಡದ ಬಗ್ಗೆ ನಾಲ್ಕು ಮಾತು ಹೇಳದೆ ಇರೋಕಾಗಲ್ಲ. ಆ ಹತ್ತು ವರ್ಷ ಅವನು ಸುಮ್ನೆ ಕೂತಿರಲಿಲ್ಲ. ಕಟ್ಟಡವನ್ನು ತಲೆಕೆಳಗಾಗಿ ನೇತುಹಾಕಿದ್ದ.

ಮದುವೆ ಮನೆ ಬಾಗಿಲಿಗೆ ತೋರಣ ಕಟ್ಟಿದಾಗ ದಾರ ಒಂದು ಬಳುಕು ಪಡೆಯುತ್ತೆ, ಅಲ್ವಾ? ದಾರಕ್ಕೆ ಗೊತ್ತಿರುವುದು ಎಳೆತ ಒಂದೇ, ಅದನ್ನು ಒತ್ತೋಕಾಗಲ್ಲ. ಹಾಗಾಗಿ ತನ್ನ ಭಾರಕ್ಕೆ ಸರಿಯಾದ ಆಕಾರವನ್ನು ತಾನೇ ಹುಡುಕಿಕೊಳ್ಳುತ್ತೆ. ಆ ಆಕಾರವನ್ನು ಹಾಗೇ ತಿರುಗಿಸಿ ನಿಲ್ಲಿಸಿದರೆ ಎಳೆತ ಇದ್ದ ಕಡೆಯೆಲ್ಲ ಒತ್ತಡ ಬರುತ್ತೆ. ಕಲ್ಲು, ಇಟ್ಟಿಗೆಗೆ ಬೇಕಾಗಿದ್ದೇ ಅದು. ಅವು ಒತ್ತಡ ತಡೆಯುತ್ತವೆ, ಎಳೆತ ತಡೆಯಲ್ಲ. ಈ ಮಾತನ್ನು ರಾಬರ್ಟ್ ಹುಕ್ 1675ರಲ್ಲೇ ಅಕ್ಷರ ಅದಲುಬದಲು ಮಾಡಿ ಒಗಟಿನ ಹಾಗೆ ಅಚ್ಚು ಹಾಕಿಸಿದ್ದ. 1748ರಲ್ಲಿ ಪೊಲೇನಿ ಅನ್ನುವವನು ರೋಮಿನ ಸಂತ ಪೀಟರ್ ಗುಮ್ಮಟದ ಬಿರುಕು ಪರೀಕ್ಷೆಗೆ ಇದೇ ಉಪಾಯ ಬಳಸಿದ.

ಗೌಡಿ ಮಾಡಿದ್ದು ಒಂದು ದಾರ ಅಲ್ಲ, ಇಡೀ ಚರ್ಚು. ಕಟ್ಟಡದ ಜಾಗದ ಪಕ್ಕದ ಶೆಡ್ಡಿನ ಮಾಡಿನಿಂದ ಹತ್ತನೇ ಒಂದು ಅಳತೆಯಲ್ಲಿ ನೂಲುಗಳನ್ನು ಇಳಿಬಿಟ್ಟ. ಎಲ್ಲೆಲ್ಲಿ ಗೋಡೆ, ಕಮಾನಿನ ಭಾರ ಬೀಳುತ್ತೋ ಅಲ್ಲಿ ಸೀಸದ ಗುಂಡು ತುಂಬಿದ ಪುಟ್ಟ ಚೀಲ ಕಟ್ಟಿದ. ಒಂದು ಗ್ರಾಂ ಸೀಸ ಅಂದರೆ ಹತ್ತು ಕಿಲೋ ಗೋಡೆ. ಒಂದು ಚೀಲ ಬದಲಾಯಿಸಿದರೆ ಎಲ್ಲ ನೂಲೂ ಅಲುಗುತ್ತೆ, ಮತ್ತೆ ಅಳೆಯಬೇಕು. ಆಮೇಲೆ ಫೋಟೋ ತೆಗೆಸಿ, ತಲೆಕೆಳಗು ಮಾಡಿ, ಅದರ ಮೇಲೆ ಬಣ್ಣ ಬಳಿದು ಕಟ್ಟಡದ ಚಿತ್ರ ಮಾಡುತ್ತಿದ್ದ. ಕಂಬಗಳು ವಾಲಿರುವುದು ಶೋಕಿಗಲ್ಲ. ಭಾರ ಇಳಿಯುವ ದಾರಿಯೇ ಓರೆ, ಕಂಬ ಅದೇ ದಾರಿಯಲ್ಲಿ ನಿಂತಿದೆ.

ನಡುಮನೆ:

ಒಂದು ಪೆದ್ದು ಪ್ರಶ್ನೆ. ಉದ್ದ ಹತ್ತನೇ ಒಂದು ಭಾಗ ಆದರೆ ಭಾರ ಸಾವಿರದಲ್ಲಿ ಒಂದು ಪಾಲು ಆಗಬೇಕಲ್ವಾ? ಹತ್ತು ಸಾವಿರ ಹೇಗೆ?

ಕಂಬ ಸೇತುವೆ:

ಪೆದ್ದು ಪ್ರಶ್ನೆ ಅಲ್ಲ. ನೂಲಿನ ಆಕಾರ ನಿಂತಿರುವುದು ಭಾರಗಳ ಪಾಲಿನ ಮೇಲೆ, ಒಟ್ಟು ಭಾರದ ಮೇಲೆ ಅಲ್ಲ. ಎಲ್ಲ ಚೀಲವನ್ನೂ ಒಟ್ಟಿಗೆ ಹತ್ತು ಪಟ್ಟು ಹಗುರ ಮಾಡಿದರೂ ಬಳುಕು ಅದೇ ಇರುತ್ತೆ. ಹಾಗಾಗಿ ಅನುಕೂಲಕ್ಕೆ ತಕ್ಕ ಲೆಕ್ಕ ಇಟ್ಟುಕೊಂಡ. ನೂಲು ಹರಿಯಬಾರದು, ಆದರೆ ಬಿಗಿಯಾಗಿ ನಿಲ್ಲಬೇಕು.

ಮೂಲ ಮಾದರಿ ಈಗಿಲ್ಲ, ಫೋಟೋ ಉಳಿದಿವೆ. ಸ್ಟುಟ್‌ಗಾರ್ಟ್‌ನಲ್ಲಿ ಹಗುರ ಕಟ್ಟಡಗಳ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಆ ಫೋಟೋಗಳನ್ನು ಇಟ್ಟುಕೊಂಡು ಮತ್ತೆ ನೇತುಹಾಕಿ ನೋಡಿದರು. ಸಗ್ರಾದಾ ಫ್ಯಾಮಿಲಿಯಾ ಮ್ಯೂಸಿಯಂನಲ್ಲಿ ಅಂಥದ್ದೊಂದು ಇದೆ, ಕೆಳಗೆ ಕನ್ನಡಿ ಇಟ್ಟಿದ್ದಾರೆ. ಕನ್ನಡಿಯಲ್ಲಿ ಬಗ್ಗಿ ನೋಡಿದರೆ ಚರ್ಚು ಎದ್ದು ನಿಲ್ಲುತ್ತೆ.

ಬೆಣ್ಣೆದೋಸೆ ಪ್ರವಾಸಿ:

ಅಯ್ಯೋ, ಆ ಮ್ಯೂಸಿಯಂನಲ್ಲಿ ಅದರ ಮುಂದೆಯೇ ನಿಂತಿದ್ದೆ, ಏನೋ ದೀಪಗುಚ್ಛ ಅಂದುಕೊಂಡೆ.

ಕೆಂಪು ಧೂಳು:

ಎಲ್ಲರೂ ಕಮಾನು ಕಂಬ ಅಂತ ಮರುಳಾಗಿದ್ದೀರಿ. ಗಿರಣಿ ಊರಿಂದಾಚೆ ಯಾಕೆ ಹೋಯಿತು ಅಂತ ಯಾರೂ ಕೇಳಲಿಲ್ಲ. ಬಾರ್ಸಿಲೋನಾದಲ್ಲಿ ಆಗ ಕಾರ್ಮಿಕ ಸಂಘಗಳು, ಮುಷ್ಕರಗಳು ಜೋರಾಗಿದ್ದವು. ಅದರಿಂದ ದೂರ ಇರಲಿ ಅಂತಲೇ ಹಳ್ಳಿಗೆ ಹೋದ. ಮನೆ ಮಾಲೀಕನದು, ಶಾಲೆ ಮಾಲೀಕನದು, ಪಾದ್ರಿಯನ್ನು ಕರೆಸಿದವನೂ ಮಾಲೀಕ. ಕೆಲಸ ಹೋದರೆ ಮನೆಯೂ ಹೋಯಿತು. ಅಂಥ ಊರಲ್ಲಿ ಬಾಯಿ ಬಿಡುವವರು ಯಾರು?

ಇನ್ನು ದುಡ್ಡು. ಗ್ವೆಲ್‌ನ ಅಪ್ಪ ಕ್ಯೂಬಾದಲ್ಲಿ ಸಂಪಾದಿಸಿ ಬಂದವನು. ಮಾವ ಆಂತೋನಿಯೋ ಲೋಪೆಸ್. ಗುಲಾಮರ ವ್ಯಾಪಾರದ ನಂಟಿನ ಕಾರಣಕ್ಕೆ ಅವನ ಪ್ರತಿಮೆಯನ್ನು 2018ರಲ್ಲಿ ಬಾರ್ಸಿಲೋನಾ ನಗರಸಭೆಯೇ ಇಳಿಸಿತು. ಚರ್ಚು ಕೆಲಸಗಾರರಿಗಾಗಿ ಅಂತೀರಿ. ಕೆಲಸಗಾರರು ಕೇಳಿದ್ದು ಚರ್ಚಾ, ಕೂಲಿಯಾ?

ಮಗ್ಗದ ಮನೆ:

ಕೆಂಪು ಧೂಳು ಅವರ ಮಾತು ಸರಿ ಇದೆ, ಆದರೆ ಪೂರ್ತಿ ಇಲ್ಲ. 1905ರಲ್ಲಿ ಆ ಗಿರಣಿಯಲ್ಲಿ ಒಬ್ಬ ಹುಡುಗ ಕುದಿಯುವ ಬಣ್ಣದ ತೊಟ್ಟಿಗೆ ಬಿದ್ದ. ಕಾಲಿನ ಚರ್ಮವೆಲ್ಲ ಸುಟ್ಟುಹೋಯಿತು. ಚರ್ಮ ಕಸಿ ಮಾಡಬೇಕು ಅಂದಾಗ ಊರಿನ ಜನ ಸಾಲಾಗಿ ಬಂದು ತಮ್ಮ ಚರ್ಮ ಕೊಟ್ಟರು. ಕೊಟ್ಟವರಲ್ಲಿ ಪಾದ್ರಿ ಇದ್ದ, ಗ್ವೆಲ್‌ನ ಇಬ್ಬರು ಗಂಡುಮಕ್ಕಳೂ ಇದ್ದರು. ಅರಿವಳಿಕೆ ಈಗಿನಷ್ಟು ಸಲೀಸಾಗಿಲ್ಲದ ಕಾಲ ಅದು. ಬರೀ ನಾಟಕಕ್ಕೆ ಯಾರೂ ಚರ್ಮ ಕೊಡಲ್ಲ.

ಕೆಂಪು ಧೂಳು:

ಕೊಟ್ಟಿದ್ದು ದೊಡ್ಡದು, ಒಪ್ಪಿದೆ. ಆದರೆ ಆ ಹುಡುಗ ಕುದಿಯುವ ತೊಟ್ಟಿ ಹತ್ತಿರ ಏನು ಮಾಡುತ್ತಿದ್ದ? ಶಾಲೆಯಲ್ಲಿ ಇರಬೇಕಾದವನು.

ಮಗ್ಗದ ಮನೆ:

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನೂ ಹತ್ತು ವರ್ಷಕ್ಕೇ ಕಂಡಿಕೆ ಸುತ್ತಿದವನು.

ಸೂಜಿ ವಿಷಯಕ್ಕೆ ಬರ್ತೀನಿ. ನಮ್ಮ ಕಡೆ ಸೀರೆ ಮಗ್ಗದಲ್ಲಿ ಸೂಜಿ ಎಲ್ಲಿ ಬಂತು ಅಂತ ಕೆಲವರಿಗೆ ಅನ್ನಿಸಬಹುದು. ಬಟ್ಟೆಗೆ ಚಿತ್ತಾರ ಮೂಡಿಸುವ ಜಕಾರ್ಡ್ ಪೆಟ್ಟಿಗೆಯಲ್ಲಿ ಸೂಜಿಗಳ ಸಾಲೇ ಇರುತ್ತೆ. ಪಂಚಿಂಗ್ ಕಾರ್ಡಿನ ತೂತು ಸಿಕ್ಕರೆ ಒಳಗೆ ಹೋಗುತ್ತೆ, ಇಲ್ಲದಿದ್ದರೆ ಹಿಂದೆ ಸರಿಯುತ್ತೆ. ಕಾರ್ಡ್ರಾಯ್‌ನಲ್ಲಿ ಇನ್ನೊಂದು ಕೆಲಸ ಇದೆ. ಅದನ್ನು ನೇಯ್ದಾಗ ಗೆರೆ ಇರಲ್ಲ. ಅಡ್ಡ ಹೋಗುವ ಹೊಕ್ಕು ನೂಲನ್ನು ಮೇಲೆ ಸಡಿಲವಾಗಿ ತೇಲಿಸಿ ನೇಯ್ದಿರ್ತಾರೆ, ಉದ್ದಕ್ಕೂ ಸಣ್ಣ ಸುರಂಗ ಆಗುತ್ತೆ. ಆ ಸುರಂಗದೊಳಗೆ ತೆಳ್ಳನೆಯ ಕಡ್ಡಿ ತೂರಿಸಿ, ಅದರ ದಾರಿಯಲ್ಲೇ ಅಲಗು ಓಡಿಸಿ ನೂಲು ಕತ್ತರಿಸಬೇಕು. ಆಮೇಲೆ ಬ್ರಷ್ ಹಾಕಿದರೆ ಎದ್ದು ಗೆರೆ ಗೆರೆಯಾಗುತ್ತೆ. ಒಂದು ಸಲ ಕೈ ತಪ್ಪಿದರೆ ಬಟ್ಟೆಗೇ ತೂತು. ಕಾರ್ಡ್ರಾಯ್ ಪ್ಯಾಂಟ್ ಹಾಕುವವರು ಇದನ್ನು ಯೋಚಿಸಲ್ಲ ಬಿಡಿ.

ಕುಡ್ಲದ ಹೆಂಚು:

ಇದನ್ನೆಲ್ಲ ಓದ್ತಾ ನನಗೆ ನಮ್ಮ ಜೆಪ್ಪು, ಬಲ್ಮಠ ಕಣ್ಣ ಮುಂದೆ ಬಂತು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಜಾತಿಯವರು ಹೊರಗೆ ಹಾಕಿದರು. ಗೇಣಿ ಹೋಯಿತು, ಕುಲಕಸುಬು ಹೋಯಿತು, ಬಾವಿ ನೀರೂ ಹೋಯಿತು. ಅವರಿಗೆ ಅನ್ನದ ದಾರಿ ಬೇಕು ಅಂತ ಮಿಷನ್ ನೇಯ್ಗೆ ಶುರು ಮಾಡಿತು, ಅಚ್ಚುಕೂಟ ಶುರು ಮಾಡಿತು. 1865ರಲ್ಲಿ ಪ್ಲೆಬ್‌ಸ್ಟ್ ಅನ್ನುವವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಇಡೀ ದೇಶ ಮಂಗಳೂರು ಹೆಂಚು ಅಂತ ಹೊದ್ದುಕೊಂಡಿದ್ದು ಅದನ್ನೇ. ಬಲ್ಮಠದ ಶಾಂತಿ ಚರ್ಚು ಅಷ್ಟರಲ್ಲೇ ಇತ್ತು, 1862ರದ್ದು.

ನೋಡಿ, ಇಲ್ಲಿ ತಿರುವುಮುರುವು. ಗ್ವೆಲ್ ಊರಿನಲ್ಲಿ ಗಿರಣಿ ಮೊದಲು, ಗಿರಣಿಯವರಿಗಾಗಿ ಚರ್ಚು. ಮಂಗಳೂರಿನಲ್ಲಿ ಚರ್ಚು ಮೊದಲು, ಚರ್ಚಿನವರಿಗಾಗಿ ಕಾರ್ಖಾನೆ. ನಮ್ಮಜ್ಜ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ಕೆಲಸದಿಂದ ಶುರು ಮಾಡಿದವರು. ಮಾಲೀಕರೂ ಪಾದ್ರಿಯೂ ಒಂದೇ ಕಡೆಯವರಾಗಿದ್ದರಿಂದ ಏನಾಗುತ್ತಿತ್ತು ಅಂತ ಅವರನ್ನು ಕೇಳಬೇಕಿತ್ತು. ಕುಡಿದು ಬಂದರೆ ಸೋಮವಾರ ಕಾರ್ಖಾನೆಯಲ್ಲೂ ಬೈಗಳು, ಭಾನುವಾರ ಚರ್ಚಿನಲ್ಲೂ ಬೈಗಳು! ಆದರೆ ಅದೇ ಅಜ್ಜ ಕೊನೆತನಕ ಹೆಂಚಿನ ಹಿಂದಿರುವ ಮುದ್ರೆ ಸವರಿ ನೋಡುತ್ತಿದ್ದರು, ನಮ್ಮದಾ ಅಲ್ವಾ ಅಂತ.

ಇನ್ನೊಂದು. ಆ ಚರ್ಚಿನ ಒಳಗಿನ ನಾಲ್ಕು ದೊಡ್ಡ ಕಂಬಗಳ ಫೋಟೋ ನೋಡಿದೆ. ಕಪ್ಪು ಬಸಾಲ್ಟ್ ಕಲ್ಲು. ಕಾಸ್ತೆಲ್‌ಫುಯಿತ್ ಅನ್ನುವ ಊರಿನಿಂದ ತಂದಿದ್ದು, ಅಲ್ಲಿ ಲಾವಾ ತಣ್ಣಗಾಗುವಾಗ ಸೀಳಿ ಮೂಲೆ ಮೂಲೆಯಾದ ಕಂಬಗಳಾಗಿವೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ನಾವು ಹತ್ತಿ ಕೂತು ಫೋಟೋ ತೆಗೆಸಿಕೊಳ್ಳುವ ಕಲ್ಲಿನ ಹಾಗೇ.

ಬೆಣ್ಣೆದೋಸೆ ಪ್ರವಾಸಿ:

ಹೌದು! ಆ ನಾಲ್ಕು ಕಂಬ ನೋಡಿ ಅಮ್ಮ ಹೇಳಿದ್ದು, "ಕೆತ್ತೋಕೆ ಟೈಮ್ ಇರಲಿಲ್ವೇನೋ" ಅಂತ. ನಯ ಮಾಡದೆ ಒರಟಾಗೇ ನಿಲ್ಲಿಸಿದ್ದಾನೆ. ಬುಡ, ದಿಂಡು, ತಲೆ ಸೇರುವ ಕಡೆ ಗಾರೆ ಬದಲು ಸೀಸ ಹಾಕಿದ್ದಾರೆ. ಮೇಲೆ ಇಟ್ಟಿಗೆಯ ಪಕ್ಕೆಲುಬುಗಳು. ಮೀನಿನ ಹೊಟ್ಟೆಯಲ್ಲಿ ಕೂತ ಹಾಗೆ. ತೀರ್ಥದ ಬಟ್ಟಲಿಗೆ ದೊಡ್ಡ ದೊಡ್ಡ ಕಪ್ಪೆಚಿಪ್ಪು ಇಟ್ಟಿದ್ದಾರೆ, ಫಿಲಿಪ್ಪೀನ್ಸ್‌ನಿಂದ ಬಂದವಂತೆ.

ಕುಡ್ಲದವರ ಮಾತು ಚೆನ್ನಾಗಿದೆ. ನನಗೂ ಅಲ್ಲಿ ಹಾಗೇ ಎರಡೂ ಅನ್ನಿಸಿತು. ಚರ್ಚಿನಿಂದ ಇಳಿದು ಬೀದಿಗಳಲ್ಲಿ ನಡೆದೆವು. ಕೆಂಪು ಇಟ್ಟಿಗೆಯ ಮನೆಗಳಲ್ಲಿ ಈಗಲೂ ಜನ ಇದ್ದಾರೆ, ಬಟ್ಟೆ ಒಣಹಾಕಿದ್ದಾರೆ, ನಾಯಿ ಬೊಗಳುತ್ತೆ. ಗಿರಣಿ 1973ರಲ್ಲಿ ಮುಚ್ಚಿತು. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಕೆಲವು ವರ್ಷ ಕೆಲಸಗಾರರೇ ಅದನ್ನು ನಡೆಸಿದ್ದರು. ಕೆಂಪು ಧೂಳು ಅವರೇ, ಇದು ನಿಮಗೆ ಖುಷಿ ಕೊಡಬಹುದು.

ಕೆಂಪು ಧೂಳು:

ಕೊಟ್ಟಿತು. ಆಮೇಲೆ ಸರ್ವಾಧಿಕಾರಿ ಫ್ರಾಂಕೋ ಬಂದ, ಅದೂ ಹೋಯಿತು.

ಬೆಣ್ಣೆದೋಸೆ ಪ್ರವಾಸಿ:

ಅಪ್ಪನ ಗಿರಣಿಯೂ ಮುಚ್ಚಿತು. ಅಲ್ಲಿ ಯುನೆಸ್ಕೋ ಫಲಕ ಇಲ್ಲ, ಬಾಕಿ ಸಂಬಳ ಪೂರ್ತಿ ಬರಲೂ ಇಲ್ಲ. ಕ್ವಾರ್ಟರ್ಸ್ ಖಾಲಿ ಮಾಡಿದ ದಿನ ನನಗೆ ಒಂಬತ್ತು ವರ್ಷ. ಗ್ವೆಲ್ ಊರಿನ ಬೀದಿಯಲ್ಲಿ ಅಮ್ಮ ಒಂದು ಮನೆ ಮುಂದೆ ನಿಂತು, "ನಮ್ಮ ಲೈನ್ ಮನೆಗಿಂತ ಕಿಟಕಿ ದೊಡ್ಡದಿದೆ" ಅಂದರು. ಹೊಟ್ಟೆಕಿಚ್ಚೋ ಮೆಚ್ಚುಗೆಯೋ ಗೊತ್ತಾಗಲಿಲ್ಲ.

ನಡುಮನೆ:

ತಾರಸಿ ಹತ್ತಬಹುದಾ? 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರುವ ಮೊದಲು ದೊಡ್ಡ ರಿಪೇರಿ ಮಾಡಿದರು, ಅದಕ್ಕೆ ತುಂಬಾ ಜನ ಬೈದರು ಅಂತ ಓದಿದ್ದೆ.

ಬೆಣ್ಣೆದೋಸೆ ಪ್ರವಾಸಿ:

ಹತ್ತಬಹುದು. ಮೇಲಿನ ಚರ್ಚಿನ ನೆಲ ಆಗಬೇಕಿದ್ದ ಜಾಗ ಅದು. 1999ರಿಂದ 2002ರವರೆಗೆ ರಿಪೇರಿ ನಡೆದಿದೆ. ನನ್ನ ಕಣ್ಣಿಗೆ ಮೇಲಿನ ಹೊಸ ಕೆಲಸ ತೀರಾ ನೀಟಾಗಿ ಕಂಡಿತು. ಕೆಳಗೆ ಪ್ರತಿ ಇಟ್ಟಿಗೆಯೂ ಜಗಳ ಆಡುವ ಹಾಗಿದೆ, ಮೇಲೆ ಎಲ್ಲ ಶಿಸ್ತು. ಬೈದವರ ಕಡೆ ನಾನು.

ಕಂಬ ಸೇತುವೆ:

ನಾನು ಬೈಯಲ್ಲ. ನೀರು ಸೋರುವ ಛಾವಣಿ ಸರಿ ಮಾಡುವವರ ಕಷ್ಟ ಕಟ್ಟಿದವರಿಗೇ ಗೊತ್ತು. ಮತ್ತೆ, ಇದು ನಿಂತುಹೋಗಿದ್ದರಿಂದಲೇ ಗೌಡಿ ಇಲ್ಲಿ ಕಲಿತಿದ್ದನ್ನೆಲ್ಲ ಸಗ್ರಾದಾ ಫ್ಯಾಮಿಲಿಯಾಗೆ ತೆಗೆದುಕೊಂಡು ಹೋದ. ಅಲ್ಲಿಯ ವಾಲಿದ ಕಂಬಗಳಿಗೆ ತಾಲೀಮು ಆಗಿದ್ದು ಇಲ್ಲೇ. ಮುಖಮಂಟಪದ ಮಾಡು ನೋಡಿದಿರಾ? ಹಪ್ಪಳ ಕರಿದಾಗ ಒಂದು ಕಡೆ ಮೇಲೆ ಇನ್ನೊಂದು ಕಡೆ ಕೆಳಗೆ ಮುರುಟುತ್ತಲ್ಲ, ಆ ಆಕಾರ. ನೇರ ಗೆರೆಗಳಿಂದಲೇ ಕಟ್ಟಬಹುದು. ಮೇಸ್ತ್ರಿಗೆ ನೇರ ಪಟ್ಟಿ ಸಾಕು, ಬಾಗಿದ ಅಚ್ಚು ಬೇಡ.

ಬೆಣ್ಣೆದೋಸೆ ಪ್ರವಾಸಿ:

ಹಪ್ಪಳ! ಅಮ್ಮನಿಗೆ ಹೇಳ್ತೀನಿ.

ಇವತ್ತು ಅಪ್ಪನ ಫೋನು ಬಂತು. ಕಿಟಕಿ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದಾರೆ. ಗೌಡಿ ಗ್ವೆಲ್ ಯಾವುದೂ ಅವರಿಗೆ ಬೇಡ. ಕೇಳಿದ್ದು ಎರಡೇ. ಸೂಜಿಗಳನ್ನು ಬೆಸುಗೆ ಹಾಕಿದ್ದಾರಾ, ಇಲ್ಲಾ ಹೆಣೆದಿದ್ದಾರಾ? ತುಕ್ಕಿಗೆ ಏನು ಬಳೀತಾರೆ? ಎರಡನ್ನೂ ನಾನು ನೋಡಿಲ್ಲ. ಅಷ್ಟು ಹೊತ್ತು ಆ ಕಿಟಕಿ ಮುಂದೆ ನಿಂತು ಇದನ್ನೇ ನೋಡದೆ ಬಂದಿದ್ದಕ್ಕೆ ಬೈಸಿಕೊಂಡೆ.

ಟಿಕೆಟ್ ಎಷ್ಟಣ್ಣ:

ನಾವು ಡಿಸೆಂಬರಿನಲ್ಲಿ ಹೋಗ್ತೀವಲ್ಲ, ಹತ್ತಿರದಿಂದ ಫೋಟೋ ತೆಗೀತೀನಿ. ಬೆಸುಗೆಯಾ, ಹೆಣಿಗೆಯಾ, ತುಕ್ಕಿಗೆ ಏನು. ಬರ್ಕೊಂಡಿದೀನಿ. ಅಪ್ಪಾಜಿಗೆ ಇನ್ನೇನಾದ್ರೂ ಬೇಕಿದ್ರೆ ಈಗಲೇ ಕೇಳಿ ಹೇಳಿ.

ಬೆಣ್ಣೆದೋಸೆ ಪ್ರವಾಸಿ:

ಕೇಳಿದೆ. "ಕಿಟಕಿ ತೆಗೆಯೋ ಕೀಲಿಗೆ ಎಣ್ಣೆ ಹಾಕಿದಾರಾ ನೋಡೋಕೆ ಹೇಳು" ಅಂದರು.